ಸೋಮವಾರದ ನೂರು ರೂಪಾಯಿ

"ಕುಂಡ್ರಸಾಕ ಬರೂದಿಲ್ಲಂತ ವೈನಿ. ಕೌನ್ಸಿಲ್‌ನವರು ಮಲಗಿಸೇ ಹೂಳಬೇಕಂತಾರ," ಎನ್ನುತ್ತ ಶಿವಪ್ರಕಾಶ ಕೋಟಿನ ಕಾಲರ್ ಎತ್ತಿಕೊಂಡು ವಾಪಸು ಬಂದ.

ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. ಲಂಡನ್ನಿನ ಗ್ರೀನ್‌ಫರ್ಡ್‌ನ ಈ ನಗರಸಭೆ ಸ್ಮಶಾನದಲ್ಲಿ ಆಗಲೇ ಉದ್ದಕ್ಕೆ ಅಗೆದಿಟ್ಟಿದ್ದರು. ಕರಿಸೂಟಿನ ನಾಲ್ವರು ಪೆಟ್ಟಿಗೆ ಹೊತ್ತು ನಿಂತಿದ್ದರು. ಆ ಚಳಿಯಲ್ಲಿ ಅವರನ್ನು ನಿಲ್ಲಿಸಿಕೊಂಡು ವಾದಕ್ಕಿಳಿಯುವ ತ್ರಾಣ ಮೈತ್ರೇಯಿಗಿರಲಿಲ್ಲ.

"ಹೆಂಗ ಆಗ್ತದೋ ಹಂಗ ಮಾಡ್ರಿ," ಎಂದಳು.

ಅವಳ ಗಂಡ ಶೇಖರಪ್ಪ ಇಪ್ಪತ್ತು ವರ್ಷ ಇಲ್ಲಿನದೇ ಒಂದು ಗೋದಾಮಿನಲ್ಲಿ ಸಾಮಾನು ಎತ್ತುವ ಫೋರ್ಕ್‌ಲಿಫ್ಟ್ ಓಡಿಸಿದವನು. ಹೋದ ವಾರದ ಹಿಂದಿನ ಶುಕ್ರವಾರ ಅದರ ಸೀಟಿನ ಮೇಲೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಕೂತಲ್ಲೇ ಜೀವ ಬಿಟ್ಟವನನ್ನು ಮಲಗಿಸಿ ಹೂಳಬೇಕಾಯಿತು.

ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು. ಸೌತ್‌ಹಾಲ್‌ನಿಂದ ಬಂದಿದ್ದ ಹಿರಿಯಳು ರತ್ನಾಬಾಯಿ ಕೈ ಝಾಡಿಸಿಕೊಳ್ಳುತ್ತ, "ವಿಜಾಪುರದಾಗ ಅಕ್ಕಗ ತಿಳಿಸೀರೇನವಾ?" ಎಂದು ಕೇಳಿದಳು.

ಮೈತ್ರೇಯಿ ತಲೆ ತಗ್ಗಿಸಿದಳು. ಸತ್ತವನ ಚಿಕ್ಕಪ್ಪನ ಮಗನಾದ ಶಿವಪ್ರಕಾಶನೇ ಉತ್ತರ ಕೊಟ್ಟ. "ಇಲ್ರೀ. ಆಕಿಗೆ ಬಿ.ಪಿ. ಐತಿ. ಫೋನಿನಾಗ ಕಿವಿ ಬ್ಯಾರೆ ಕೇಳೂದಿಲ್ಲ. ಹೇಳೂದರ ಹೆಂಗ?"

"ಹೆತ್ತಾಕಿಕಿಂತ ಹೆಚ್ಚಾಗಿ ಜೋಪಾನ ಮಾಡ್ಯಾಳ," ಎಂದಳು ರತ್ನಾಬಾಯಿ.

*

ಅಪ್ಪ ಅವ್ವ ತೀರಿದ ಮೇಲೆ ಶೇಖರಪ್ಪನನ್ನು ಸಾಕಿದವಳು ಅಕ್ಕ ಚಂದ್ರವ್ವ. ವಿಜಾಪುರದಲ್ಲಿ ಅವಳದೊಂದು ಖಾನಾವಳಿ. ಅವಳ ಬಿಸಿರೊಟ್ಟಿಗೆ ವಕೀಲರಿಂದ ಹಿಡಿದು ಹಮಾಲರವರೆಗೆ ಸಾಲುಗಟ್ಟುತ್ತಿದ್ದರು. ದುಡ್ಡಿಗೆ ಅವಳೇನೂ ತಮ್ಮನ ಬಾಯಿ ನೋಡಬೇಕಾಗಿರಲಿಲ್ಲ. ಆದರೆ ಕಿವಿ ಮಂದವಾಗಿತ್ತು. ಎದುರು ನಿಂತು ಕೂಗಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಫೋನಿನಲ್ಲಿ ಬರೀ ಗುಂಯ್ ಎನ್ನುತ್ತಿತ್ತು. ಪಕ್ಕದವರ ಕೈಗೆ ಫೋನು ಕೊಟ್ಟು ತಮ್ಮನ ಸುದ್ದಿ ಕೇಳಿಸಿಕೊಳ್ಳುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಅವರು ನಡುವೆ ತಮ್ಮದೂ ನಾಲ್ಕು ಮಾತು ಸೇರಿಸುತ್ತಾರೆಂದು ಅವಳ ಗುಮಾನಿ.

ಊರಿಗೆ ಎಟಿಎಂ ಹೊಸದಾಗಿ ಬಂದಿದ್ದ ವರ್ಷ ಶೇಖರಪ್ಪ ರಜೆಗೆ ಹೋಗಿದ್ದ. ಅಕ್ಕನ ಹೆಸರಿನಲ್ಲಿ ಖಾತೆ ತೆಗೆಸಿ, ಕಾರ್ಡು ಕೊಡಿಸಿ, ಅವಳನ್ನು ಯಂತ್ರದ ಮುಂದೆ ಕರೆದೊಯ್ದ. ಚಂದ್ರವ್ವ ಚಪ್ಪಲಿಯನ್ನು ಹೊರಗೇ ಬಿಟ್ಟಳು. ಒಳಗಿನ ತಂಪು, ನುಣ್ಣನೆಯ ನೆಲ ನೋಡಿ ಊರಿನ ಅರ್ಧಕ್ಕರ್ಧ ಜನ ಆಗ ಹಾಗೇ ಮಾಡುತ್ತಿದ್ದರು.

"ಇದರೊಳಗ ಯಾರ ಕುಂತಾರ?"

"ಯಾರೂ ಇಲ್ಲಕ್ಕ!" ಎಂದು ಅವನು ಕಿವಿಗೆ ಬಾಯಿಟ್ಟು ಕೂಗಿದ.

"ಮತ್ತ ಲೆಕ್ಕ ತಪ್ಪಿದ್ರ ಯಾರ ಕೂಡ ಜಗಳಾ ಮಾಡ್ಲಿ?"

"ನನ್ನ ಕೂಡ ಮಾಡು!"

ಅಲ್ಲೇ ಅವರಿಬ್ಬರ ಕರಾರಾಯಿತು. ಸೋಮವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವಳು ನೂರು ರೂಪಾಯಿ ತೆಗೆಯಬೇಕು. ಲಂಡನ್ನಿನಲ್ಲಿ ಆಗ ಅವನ ಚಹಾದ ಬಿಡುವು. ಗೋದಾಮಿನ ಆಫೀಸಿನ ಕಂಪ್ಯೂಟರಿನಲ್ಲಿ ಅದನ್ನು ನೋಡಿ, ಅವನು ಅದೇ ಬ್ಯಾಂಕಿನಲ್ಲಿದ್ದ ತನ್ನ ಖಾತೆಯಿಂದ ಒಡನೆ ಒಂದು ನೂರು ವಾಪಸು ಹಾಕಬೇಕು. ಅವಳು ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬಂದು, ಯಂತ್ರದ ಚೀಟಿಯಲ್ಲಿ ಬಾಕಿ ಮೊದಲಿನಷ್ಟೇ ಆಗಿದೆಯೆಂದು ಕಂಡ ಮೇಲೆ ಮನೆಗೆ ಹೋಗುತ್ತಿದ್ದಳು. ನಾನು ಆರಾಮ, ನೀನೂ ಆರಾಮ ಎಂದು ಅದರ ಅರ್ಥ. ಬ್ಯಾಂಕಿನವರು ಯಂತ್ರ ಕೂರಿಸಿದ್ದು ಇದಕ್ಕಲ್ಲ ನಿಜ. ಆದರೆ ಅಕ್ಕ ತಮ್ಮಂದಿರಿಗೆ ಅದರಿಂದ ಆಗುತ್ತಿದ್ದ ದೊಡ್ಡ ಉಪಕಾರ ಇದೇ.

*

"ಇವತ್ತೂ ಸೋಮವಾರ," ಎಂದಳು ಮೈತ್ರೇಯಿ, ಮನೆಗೆ ಮರಳುವ ಕಾರಿನಲ್ಲಿ. "ಹೋದ ವಾರ ಅಕ್ಕ ಏನ್ ತಿಳ್ಕೊಂಡಳೋ."

ಹಿಂದಿನ ಸೀಟಿನಲ್ಲಿದ್ದ ಮಗಳು ಸ್ಫೂರ್ತಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಐ ಪುಟ್ ದ ಹಂಡ್ರೆಡ್ ಇನ್ ಲಾಸ್ಟ್ ಮಂಡೇ, ಮಮ್. ಡ್ಯಾಡ್‌ನ ಪಾಸ್‌ವರ್ಡ್ ನಂಗೊತ್ತು."

ಶಿವಪ್ರಕಾಶ ಸ್ಟಿಯರಿಂಗ್ ಮೇಲೆ ಕೈ ಬಡಿದ. "ಶ್ಯಾಣ್ಯಾಕಿ! ಹಂಗ ಹಾಕ್ಕೋತ ಇರವಾ. ಅಕ್ಕನ ಪಾಲಿಗೆ ಅಂವಾ ಇರ್ತಾನ. ಯಾರಿಗೇನು ನಷ್ಟ?"

"ಎಲ್ಲೀತನಕ?"

"ಆಕಿ ಇರೂತನಕ, ವೈನಿ."

ಮೈತ್ರೇಯಿ ಬೇಡ ಎನ್ನಲಿಲ್ಲ. ಆ ಮುದುಕಿಯ ಎದುರು ನಿಂತು, ನಿನ್ನ ತಮ್ಮ ಸತ್ತ ಎಂದು ಕಿವಿಯಲ್ಲಿ ಕೂಗಿ ಹೇಳುವುದು ಅವಳಿಂದ ಆಗುವಂಥದ್ದಾಗಿರಲಿಲ್ಲ. ಆ ಕೆಲಸ ತಪ್ಪಿತಲ್ಲ ಎಂದು ಅವಳಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮನೆಗೆ ಬಂದೊಡನೆ ಸ್ಫೂರ್ತಿ ಕಂಪ್ಯೂಟರಿನತ್ತ ಓಡಿದಳು. ರತ್ನಾಬಾಯಿ ಅಡ್ಡ ನಿಂತಳು. "ಮಣ್ಣಿನಿಂದ ಬಂದೀವಿ, ತಂಗೀ. ಜಳಕಾ ಮಾಡದ ಏನೂ ಮುಟ್ಟಬ್ಯಾಡ."

"ಇಟ್ಸ್ ಅರ್ಜೆಂಟ್, ಆಂಟಿ."

"ಹೋದಂವನಕಿಂತ ಅರ್ಜೆಂಟ್ ಯಾವುದೈತಿ?"

ಇದ್ದದ್ದು ಒಂದೇ ಬಚ್ಚಲು, ಸ್ನಾನ ಆಗಬೇಕಾದವರು ಮನೆ ತುಂಬ. ಹಿರಿಯರು ಮೊದಲು ಹೋದರು. ನಡುವೆ ಬಿಸಿನೀರು ಮುಗಿದು ಕಾಯಬೇಕಾಯಿತು. ಒದ್ದೆಕೂದಲಿನ ಸ್ಫೂರ್ತಿ ಕೊನೆಗೂ ಕಂಪ್ಯೂಟರಿನ ಮುಂದೆ ಕೂತಾಗ ವಿಜಾಪುರದಲ್ಲಿ ಕತ್ತಲಾಗಿ, ಖಾನಾವಳಿಗೆ ರಾತ್ರಿಯೂಟದ ಜನ ಬಂದು ಕೂರುವ ಹೊತ್ತು.

"ಮಮ್," ಎಂದು ಕರೆದಳು.

ಅಕ್ಕನ ಖಾತೆಯಿಂದ ನೂರು ರೂಪಾಯಿ ಹೋಗಿತ್ತು. ಅದರ ಕೆಳಗೆ ಮತ್ತೆ ನೂರು. ಅದರ ಕೆಳಗೆ ಇನ್ನೊಂದು ನೂರು. ಸ್ಫೂರ್ತಿ ಪುಟವನ್ನು ಮೇಲೆ ಸರಿಸುತ್ತಲೇ ಹೋದಳು. ಚಂದ್ರವ್ವ ಮನೆಗೆ ಹೋಗಿರಲಿಲ್ಲ.

"ಹಾಕವಾ, ಲಗೂನ ಹಾಕು!" ಎಂದ ಶಿವಪ್ರಕಾಶ.

ಹುಡುಗಿ ನೂರು ಎಂದು ಒತ್ತಿದಳು. ಕಳಿಸುವ ಗುಂಡಿಯ ಮೇಲೆ ಬಾಣದ ಗುರುತು ಬಂದು ನಿಂತಿತು. ಮೈತ್ರೇಯಿ ಅವಳ ಮುಂಗೈ ಹಿಡಿದಳು.

"ಬ್ಯಾಡ. ಆಕಿಗೆ ನಾನ ಹೋಗಿ ಹೇಳ್ತೀನಿ."

ಸ್ಫೂರ್ತಿ ಬರೆದದ್ದನ್ನು ಅಳಿಸಿ, ಕಣ್ಣೊರೆಸಿಕೊಂಡು ಖಾತೆಯ ಪುಟವನ್ನು ಮತ್ತೊಮ್ಮೆ ತೆರೆದಳು. ಎಲ್ಲಕ್ಕಿಂತ ಕೆಳಗೆ, ಆಗ ತಾನೇ, ಇನ್ನೊಂದು ನೂರು ತೆಗೆದ ಲೆಕ್ಕ ಬಂದು ಸೇರಿತ್ತು.