ಒಳಮಡಿಕೆ

ಹಾಡಿನ ಮೇಷ್ಟ್ರು ಚೀಲದಿಂದ ನೀಲಿ ನಿಲುವಂಗಿಯನ್ನು ತೆಗೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟರು. ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

"ಟೈಲರ್ರೇ, ಈ ಮಾತು ಹೇಗೆ ಎತ್ತೋದು ಅಂತ ನಂಗೆ ಗೊತ್ತಾಗ್ತಿಲ್ಲ," ಎಂದರು. "ಚರ್ಚಿನ ಹಾಡುಗಾರರ ಸಾಲಿಗೆ ಹೊಸ ಹುಡುಗಿ ಬಂದಿದಾಳೆ. ಬೀರುವಿನಲ್ಲಿ ಉಳಿದಿರೋದು ಇದೊಂದೇ. ಅವಳೋ ಇಷ್ಟೇ ಇಷ್ಟು ಇದಾಳೆ." ಮೇಜಿನ ಎತ್ತರಕ್ಕೆ ಕೈ ತೋರಿಸಿದವರು, ತೀರಾ ಅನ್ಯಾಯವಾಯಿತೆನಿಸಿ ಕೈಯನ್ನು ಕೊಂಚ ಮೇಲೆತ್ತಿದರು. "ನಿಮಗೆ ಕಷ್ಟ ಅಂದ್ರೆ ಹೇಳಿಬಿಡಿ. ಮಾಮೂಲಿ ಬಟ್ಟೇಲೇ ನಿಂತ್ಕೊಳ್ಳಲಿ. ದೇವರೇನು ಬಟ್ಟೆ ನೋಡ್ತಾನಾ?"

ಕಾಲೇಜಿನಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ ಮಗಳು ಅಂಗಡಿಯ ಹೊಸ್ತಿಲಲ್ಲೇ ನಿಂತಳು. ಬಟ್ಟೆಯನ್ನು ಅವಳು ದೂರದಿಂದಲೇ ಗುರುತಿಸಿದ್ದಳು. ಬಲತೋಳಿನ ತುದಿ ಮಾಸಿತ್ತು. ಅಮ್ಮ ಹಾಡಿನ ಪುಸ್ತಕದ ಪುಟ ತಿರುವುತ್ತಿದ್ದ ಕೈ ಅದು. ಅಮ್ಮ ತೀರಿಕೊಂಡು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಅಪ್ಪ ಕನ್ನಡಕವನ್ನು ಹಣೆಗೇರಿಸಿದ. "ಹುಡುಗೀನ ನಾಳೆ ಸಂಜೆ ಕಳಿಸಿ ಮೇಷ್ಟ್ರೇ. ಅಳತೆ ನೋಡೋಣ," ಎಂದ. ಅಷ್ಟೇ. ಅವನ ಮಾತೇ ಹಾಗೆ. ಕೊರಳಲ್ಲಿ ಟೇಪು ಬಿದ್ದರೆ ನಿಮ್ಮಪ್ಪ ಮಾತನ್ನೂ ಅಳೆದೇ ಕತ್ತರಿಸೋದು ಅಂತ ಅಮ್ಮ ನಗಾಡುತ್ತಿದ್ದಳು.

ಮೇಷ್ಟ್ರು ಬೀದಿಯ ತಿರುವು ದಾಟುವವರೆಗೆ ಕಾದು ಮಗಳು ಕೇಳಿದಳು: "ಅದನ್ನ ಕತ್ತರಿಸ್ತೀಯಾ?"

"ಗಿಡ್ಡ ಮಾಡ್ಬೇಕಲ್ಲ."

"ಹುಳ ತಿಂದಿದೆ ಅಂತ ಹೇಳಿಬಿಡು ಅಪ್ಪಾ. ಬೇರೆ ಒಂದು ಹೊಲಿದು ಕೊಡು. ಗುಂಡಿ, ಕಾಜಾ ಎಲ್ಲಾ ನಾನೇ ಹಾಕ್ತೀನಿ."

"ಚರ್ಚಿನ ಬಟ್ಟೆ ಮಗಳೇ. ನಮ್ಮದಲ್ಲ."

ಹಾಗಾದರೆ ನಮ್ಮದು ಅಂತ ಉಳಿದಿರೋದಾದರೂ ಏನು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಉಗುಳಿನ ಜೊತೆ ನುಂಗಿಕೊಂಡು ಒಳಮನೆಗೆ ಹೋದಳು.

ನುಂಗಿಕೊಳ್ಳುವುದು ಈಗೀಗ ಅವಳಿಗೆ ಅಭ್ಯಾಸವಾಗಿತ್ತು. ಮೊದಲು ಹಾಗಿರಲಿಲ್ಲ. ಆ ಮನೆಯಲ್ಲಿ ರಾತ್ರಿಯೂಟಕ್ಕೆ ಮುಂಚೆ ಪ್ರಾರ್ಥನೆ ಹೇಳುವವಳು ಅವಳೇ. ಚಿಕ್ಕಂದಿನಿಂದ ಬಂದ ಹಕ್ಕು. ಅಮ್ಮನಿಗೆ ಕಾಯಿಲೆ ಬಂದ ಮೇಲೆ ಆ ಪ್ರಾರ್ಥನೆ ದಿನೇದಿನೇ ಉದ್ದವಾಗುತ್ತ ಹೋಯಿತು. ಕಾಲೇಜಿನಲ್ಲಿ, ಮಧ್ಯಾಹ್ನ ಖಾಲಿ ಬೀಳುವ ರಸಾಯನಶಾಸ್ತ್ರದ ಕೊಠಡಿಯಲ್ಲಿ, ಹತ್ತಾರು ಹುಡುಗ ಹುಡುಗಿಯರು ಪ್ರಾರ್ಥನೆಗೆ ಸೇರುತ್ತಿದ್ದರು. ಒಂದು ದಿನ ಅವರ ಮುಂದೆ ನಿಂತು ಅವಳು, "ನಮ್ಮಮ್ಮ ಮತ್ತೆ ಹಾಡೇ ಹಾಡ್ತಾರೆ, ನೀವೇ ನೋಡ್ತೀರ," ಎಂದಿದ್ದಳು. ಎಲ್ಲರೂ ಒಕ್ಕೊರಲಿನಿಂದ ಆಮೆನ್ ಎಂದಿದ್ದರು. ಈಗ ಆ ಕೊಠಡಿಯ ಮುಂದೆ ಹಾಯಬೇಕಾಗುತ್ತದೆಂದು ಅವಳು ಹಿಂದಿನ ಮೆಟ್ಟಿಲಿನಿಂದ ಓಡಾಡುತ್ತಿದ್ದಳು. ಮನೆಯಲ್ಲಿಯೂ ತಟ್ಟೆಯ ಮುಂದೆ ಕಣ್ಣು ಮುಚ್ಚಿದರೆ ಬಾಯಿ ಒಣಗುತ್ತಿತ್ತು. ಒಂದು ಪದವೂ ಬರುತ್ತಿರಲಿಲ್ಲ. ಮಣ್ಣು ಮಾಡಿ ಬಂದ ದಿನದಿಂದ ಅಪ್ಪನೇ ಹೇಳುತ್ತಿದ್ದ: "ಕರ್ತನೇ, ಕೊಟ್ಟಿದ್ದಕ್ಕೆ ಸ್ತೋತ್ರ. ಆಮೆನ್." ಯಾಕೆ ನೀನು ಹೇಳಲ್ಲ ಅಂತ ಒಂದು ದಿನವೂ ಕೇಳಲಿಲ್ಲ. ಇಷ್ಟು ಚಿಕ್ಕ ಪ್ರಾರ್ಥನೆ ಹೇಳಿ ಅನ್ನಕ್ಕೆ ಕೈ ಹಾಕುವ ಅವನನ್ನು ನೋಡಿದಾಗ, ಅಪ್ಪನ ಪಾಲಿಗೆ ಎಲ್ಲ ಮುಗಿದೇಹೋಯಿತೇನೋ ಅನ್ನಿಸಿ ಅವಳಿಗೆ ಸಿಟ್ಟೂ ಬರುತ್ತಿತ್ತು.

ಮರುದಿನ ಸಂಜೆ ಅಳತೆ ಕೊಡಲು ಬಂದವಳು ಗುಬ್ಬಿ. ಮಗಳದೇ ತರಗತಿಯವಳು, ಪ್ರಾರ್ಥನಾ ಗುಂಪಿನವಳು. ಆಳು ಗಿಡ್ಡ, ಬಾಯಿ ಉದ್ದ.

"ನಿಮ್ಮ ಅಂಗಡೀನೇ ಅಂತ ಮೇಷ್ಟ್ರು ಹೇಳ್ಲೇ ಇಲ್ಲ ಕಣೇ!" ಎನ್ನುತ್ತ ಸ್ಟೂಲಿನ ಮೇಲೆ ಹತ್ತಿ ನಿಂತಳು. "ನೀನು ಯಾವಾಗ ಬರ್ತೀಯ? ನಿನ್ನ ಜಾಗ ಖಾಲಿ ಇಟ್ಟಿದೀವಿ. ಫ್ಯಾನಿನ ಕೆಳಗಿನ ಕುರ್ಚಿ ಬೇರೆ, ಕಾಯೋದು ಸುಲಭ ಅಲ್ಲ ತಿಳ್ಕೋ. ಅಂಕಲ್, ಜಾಸ್ತಿ ಗಿಡ್ಡ ಮಾಡ್ಬೇಡಿ, ನಾನು ಇನ್ನೂ ಬೆಳೀತೀನಿ."

"ಬೆಳಿ ಮಗು," ಎಂದ ಅಪ್ಪ, ಮಂಡಿಯೂರಿ. "ನಾನು ಬಿಚ್ಚಿ ಕೊಡ್ತೀನಿ."

ಮಗಳು ಗುಂಡುಸೂಜಿಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಗುಬ್ಬಿಯ ಕಾಲಿನ ಸುತ್ತ ನೀಲಿ ಬಟ್ಟೆ ರಾಶಿ ಬಿದ್ದಿತ್ತು. ಅಮ್ಮ ಹಾಕಿದಾಗ ಅದು ಅವಳ ಕಾಲ್ಗಂಟಿಗೆ ನೆಟ್ಟಗೆ ಬಂದು ನಿಲ್ಲುತ್ತಿತ್ತು.

"ಅಯ್ಯೋ, ಇದಕ್ಕೆ ಜೇಬೂ ಇದೆ!" ಗುಬ್ಬಿ ಪಕ್ಕದ ಹೊಲಿಗೆಯೊಳಗೆ ಕೈ ತೂರಿಸಿದಳು. ಹಾಡುಗಾರರ ನಿಲುವಂಗಿಗಳಿಗೆ ಜೇಬು ಇರುವುದಿಲ್ಲ. ಈ ಒಂದಕ್ಕೆ ಮಾತ್ರ ಅಪ್ಪ ಗುಟ್ಟಾಗಿ ಇಟ್ಟಿದ್ದ. "ಪೆಪ್ಪರ್‌ಮಿಂಟು! ಯಾರೋ ಪುಣ್ಯಾತ್ಮರು ನನಗೇ ಅಂತ ಬಿಟ್ಟುಹೋಗಿದಾರೆ." ಕಾಗದ ಬಿಡಿಸಿ ಬಾಯಿಗೆ ಹಾಕಿಕೊಂಡೇಬಿಟ್ಟಳು. ಒಂದೆರಡು ಸಲ ಚೀಪಿದ ಮೇಲೆ ಕೇಳಿದಳು: "ಯಾರದು ಅಂಕಲ್ ಇದು, ಮೊದಲು ಹಾಕ್ತಿದ್ದೋರು?"

ಅಪ್ಪ ಅಂಚಿಗೆ ಇನ್ನೊಂದು ಸೂಜಿ ಚುಚ್ಚಿದ. ಮಗಳ ಕೈಯಲ್ಲಿದ್ದ ಡಬ್ಬಿಯೊಳಗೆ ಸೂಜಿಗಳು ಸಣ್ಣಗೆ ಸದ್ದು ಮಾಡಿದವು. ಗುಬ್ಬಿ ಅವಳ ಮುಖ ನೋಡಿದಳು. ಅಷ್ಟು ಸಾಕಾಯಿತು. ಬಾಯೊಳಗಿನ ಪೆಪ್ಪರ್‌ಮಿಂಟು ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಕೆನ್ನೆ ಉಬ್ಬಿಸಿಕೊಂಡು, ಸ್ಟೂಲಿನ ಮೇಲೆ ಕಲ್ಲಿನಂತೆ ನಿಂತಳು.

"ತಿನ್ನು ಮಗು," ಎಂದ ಅಪ್ಪ. "ಅವಳು ಇಡ್ತಿದ್ದಿದ್ದೇ ಅದಕ್ಕೆ. ಸಾಲಲ್ಲಿ ಯಾರಾದ್ರೂ ಕೆಮ್ಮಿದ್ರೆ ಕೈಯಿಂದ ಕೈಗೆ ದಾಟಿಸೋಳು."

ಅಳತೆ ಮುಗಿದ ಮೇಲೆ ಗುಬ್ಬಿ ಸ್ಟೂಲಿನಿಂದ ಇಳಿದಳು. ಹೋಗುವಾಗ ಪೆಪ್ಪರ್‌ಮಿಂಟಿನ ಕಾಗದವನ್ನು ನೀಟಾಗಿ ಮಡಚಿ ಗೆಳತಿಯ ಅಂಗೈಯಲ್ಲಿಟ್ಟು, ಆ ಕೈಯನ್ನು ತನ್ನ ಎರಡೂ ಕೈಗಳಿಂದ ಮುಚ್ಚಿ, ಸ್ವಲ್ಪ ಹೊತ್ತು ಹಿಡಿದುಕೊಂಡಳು.

ಕತ್ತಲಾದ ಮೇಲೆ ಅಪ್ಪ ಅರ್ಧ ಶಟರ್ ಎಳೆದು ನಿಲುವಂಗಿಯ ಕೆಳಗಿನ ಹೊಲಿಗೆ ಬಿಚ್ಚಲು ಕುಳಿತ. ಕತ್ತರಿ ಮೊಳೆಯಲ್ಲಿ ನೇತಾಡುತ್ತಲೇ ಇತ್ತು.

"ಕತ್ತರಿಸಲ್ವಾ?"

"ಈ ಬಟ್ಟೆ ಕತ್ತರಿ ಕಂಡಿರೋದು ಒಂದೇ ಸಲ, ನಾನು ಹೊಲಿದ ದಿನ. ಆಮೇಲೆ ಬರೀ ಮಡಿಸೋದು, ಬಿಚ್ಚೋದು. ಇಲ್ಲಿ ನೋಡು." ಬಿಚ್ಚಿದ ಅಂಚನ್ನು ಅವನು ದೀಪದ ಕೆಳಗೆ ಹರಡಿದ. ಒಳಗಿದ್ದ ಬಟ್ಟೆ ಬಿಸಿಲು ಕಾಣದೆ ಕಡುನೀಲಿಯಾಗಿಯೇ ಉಳಿದಿತ್ತು. ಅದರ ಕೆಳತುದಿಯಲ್ಲಿ ಹಳೆಯ ಮಡಿಕೆಯ ಮಾಸಿದ ಗೆರೆಯೊಂದು, ಮೇಲ್ಗಡೆ ಇನ್ನೊಂದು. "ಕೆಳಗಿಂದು ಬೇಕರಿ ಅಜ್ಜೀದು, ನಿಮ್ಮಮ್ಮನಿಗಿಂತ ಮುಂಚೆ ಇದನ್ನ ಹಾಕ್ತಿದ್ದೋರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರೋ ಅಷ್ಟು ಎತ್ತರ. ಇದು ನಿಮ್ಮಮ್ಮಂದು." ಅವನ ಹೆಬ್ಬೆರಳು ಆ ಗೆರೆಯ ಉದ್ದಕ್ಕೂ ನಿಧಾನವಾಗಿ ಹೋಗಿ, ಹಾಗೆಯೇ ವಾಪಸು ಬಂತು.

ಅವಳು ಒಳಗೆ ಹೋಗಿ ಎರಡು ತಟ್ಟೆಗಳಲ್ಲಿ ಊಟ ಹಾಕಿಕೊಂಡು ಬಂದಳು. ಅಪ್ಪ ಹೊಸ ಮಡಿಕೆಗೆ ಸೂಜಿ ಚುಚ್ಚುತ್ತಿದ್ದ. ಎರಡೂ ಕೈ ಬಟ್ಟೆಯಲ್ಲಿ, ತುಟಿಗಳ ನಡುವೆ ಸೂಜಿಗಳ ಸಾಲು. ಹಿಂದೆಯೂ ಎಷ್ಟೋ ಸಂಜೆ ಹೀಗೆಯೇ. ಊಟ ಆರುತ್ತೆ ಅಂತ ಅಮ್ಮ ಗೊಣಗುವಳು, ನೀನು ಶುರು ಮಾಡು ಎಂಬಂತೆ ಅವನು ಮಗಳತ್ತ ಗದ್ದ ಎತ್ತುವನು. ಈಗಲೂ ಯೋಚಿಸದೆ ಗದ್ದ ಎತ್ತಿದ. ಅವಳೂ ಯೋಚಿಸದೆ ಕಣ್ಣು ಮುಚ್ಚಿದಳು.

"ಪರಲೋಕದ ತಂದೆಯೇ, ಈ ಊಟಕ್ಕಾಗಿ ಸ್ತೋತ್ರ. ಅಪ್ಪನ ಕಣ್ಣಿಗೆ ಬೆಳಕು ಕೊಡು. ಅಮ್ಮನ ಕಾಲಿನ ಬಾವು ಇಳಿಸು. ನಾಳೆ ಅವಳು ಎರಡು ತುತ್ತಾದರೂ ಉಣ್ಣುವ ಹಾಗೆ..."

ಅಲ್ಲಿಗೆ ನಿಂತಿತು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅವಳಿಗೆ ಕಣ್ಣು ತೆರೆಯಲು ಧೈರ್ಯವಾಗಲಿಲ್ಲ.

ಅಪ್ಪ ಬಾಯಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುವುದು ಕೇಳಿಸಿತು. ಕೊನೆಯದೂ ಬಿದ್ದ ಮೇಲೆ ಅವನು ಹೇಳಿದ: "ಆಮೆನ್."

"ಬಾಯಿ ತಪ್ಪಿ ಬಂತು ಅಪ್ಪಾ..."

"ನಂಗೂ ಬರುತ್ತೆ," ಎಂದ ಅಪ್ಪ. "ದಿನಾ ಬರುತ್ತೆ. ಅದಕ್ಕೇ ಗಿಡ್ಡ ಮಾಡಿ ಹೇಳ್ತೀನಿ." ತಟ್ಟೆಯನ್ನು ಅವಳತ್ತ ಸರಿಸಿದ. "ತಿನ್ನು. ಆರಿಹೋಗುತ್ತೆ."

ಅವಳು ಅಳುತ್ತಲೇ ಉಂಡಳು. ಅಪ್ಪ ನೀರಿನ ಲೋಟವನ್ನು ಅವಳ ಕೈಗೆಟಕುವಂತೆ ಇಟ್ಟು, ಬೇರೆ ಕಡೆ ನೋಡುತ್ತ ತಾನೂ ಉಂಡ.

ಆಮೇಲೆ ಅವಳು ಕೈ ತೊಳೆದು ಬಂದು ಎರಡು ಸೂಜಿಗಳಿಗೆ ನೀಲಿ ದಾರ ಪೋಣಿಸಿದಳು. ಒಂದನ್ನು ಅವನಿಗೆ ಕೊಟ್ಟಳು. ಪಕ್ಕದ ಹೊಲಿಗೆಯ ಬಳಿ ಇಬ್ಬರೂ ಶುರುಮಾಡಿದರು; ಅವನು ಒಂದು ದಿಕ್ಕಿಗೆ, ಅವಳು ಇನ್ನೊಂದು ದಿಕ್ಕಿಗೆ. ಅಮ್ಮನ ಗೆರೆ ಇಂಚಿಂಚಾಗಿ ಮಡಿಕೆಯೊಳಕ್ಕೆ ಹೋಯಿತು. ಇಬ್ಬರ ಸೂಜಿಗಳು ಸಂಧಿಸಿದಲ್ಲಿ ಅವಳು ಬಗ್ಗಿ ಹಲ್ಲಿನಿಂದ ದಾರ ಕಡಿದಳು. ಅಪ್ಪ ಬಟ್ಟೆಯನ್ನು ಎತ್ತಿ ದೀಪಕ್ಕೆ ಹಿಡಿದ. ಹೊರಗಿನಿಂದ ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ. ಬೆಳಕು ಹಾಯ್ದಾಗ ಮಾತ್ರ, ಕೆಳಗೆ ಮಡಿಕೆಯಿದ್ದ ಗೇಣಗಲ, ನೀಲಿ ಇನ್ನಷ್ಟು ದಟ್ಟವಾಗಿತ್ತು.