ಅಕ್ಕನ ಏಳು ಮೀನು

ನನಗೆ ತಾಳ್ಮೆ ಇಲ್ಲ ಎನ್ನುವುದು ಗೋಣಿಬೀಡಿನ ಸುತ್ತಮುತ್ತ ಎಲ್ಲರಿಗೂ ಗೊತ್ತು. ನರ್ಸರಿಯಲ್ಲಿ ಕಾಫಿ ಬೀಜ ಹಾಕಿದ ಹತ್ತನೇ ದಿನಕ್ಕೇ ಮಣ್ಣು ಕೆದಕಿ ನೋಡುವ ಮನುಷ್ಯ ನಾನು. ಮೊಳೆಯಲು ನಲವತ್ತೈದು ದಿನವಾದರೂ ಬೇಕೆಂದು ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೂ ಕೈ ಸುಮ್ಮನಿರುವುದಿಲ್ಲ. ನನ್ನ ಹೆಂಡತಿ ಪ್ರೇರಣಾ ನನ್ನನ್ನು ಕುಕ್ಕರಿನ ಹತ್ತಿರ ಸುಳಿಯಲು ಬಿಡುವುದಿಲ್ಲ. ಇಂಥವನು ಮನೆ ಹಿತ್ತಲಲ್ಲಿ ಕೋಯಿ ಎನ್ನುವ ಬಣ್ಣದ ಸಾಕು ಮೀನಿನ ಕೊಳ ಕಟ್ಟಲು ಹೊರಟೆ. ಮೀನಿನ ಆಸೆಗಲ್ಲ, ಅಕ್ಕ ಬರಲಿ ಎನ್ನುವ ಆಸೆಗೆ.

ಅಕ್ಕನ ಹೆಸರು ತ್ರಿಪುರಸುಂದರಿ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಇಪ್ಪತ್ತೆರಡು. ಬಂದ ಗಂಡುಗಳನ್ನೆಲ್ಲ ವಾಪಸ್ಸು ಕಳಿಸಿ, ನಾನು ಎಸ್ಸೆಸ್ಸೆಲ್ಸಿ ಪಾಸಾಗುವ ತನಕ ಕಾದು, ಆಮೇಲೆ ಚಿಕ್ಕಮಗಳೂರಿನ ಕೃಷ್ಣಯ್ಯ ಭಾವನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಅಲ್ಲೇ ಶಾಲೆಯಲ್ಲಿ ಪಾಠ ಹೇಳಿಕೊಂಡು, ಬಾಡಿಗೆ ಮನೆಯ ಹಿತ್ತಲಿನ ತೊಟ್ಟಿಯಲ್ಲಿ ಭಾವ ಸಾಕುತ್ತಿದ್ದ ಮೀನು ನೋಡಿಕೊಂಡು ಇದ್ದಳು. ಬೆರಳುದ್ದ ಇದ್ದಾಗ ಬೆಂಗಳೂರಿನಿಂದ ತಂದವುಗಳು ಹನ್ನೊಂದು ವರ್ಷದಲ್ಲಿ ಮೊಳದುದ್ದ ಆಗಿದ್ದವು. ಒಟ್ಟು ಏಳು.

2003ರ ಕಾರ್ತಿಕದಲ್ಲಿ ಭಾವ ಹೋಗಿಬಿಟ್ಟರು. ಅದೇ ಹೊತ್ತಿಗೆ ಮನೆ ಮಾಲೀಕರು ಕೆಡವಿ ಕಟ್ಟಿಸುತ್ತೇವೆ, ಮೇ ಕೊನೆಯೊಳಗೆ ಬಿಟ್ಟುಕೊಡಿ ಎಂದರು. ಮೈಸೂರಿನಲ್ಲಿ ಭಾವನ ತಂಗಿ ತಮ್ಮ ಮನೆಯ ಹಿಂದೆಯೇ ಎರಡು ಕೋಣೆಯ ಮನೆ ನೋಡಿಟ್ಟರು. ಹದಿಮೂರನೇ ದಿನದ ಊಟ ಮುಗಿದು ಎಲೆ ಎತ್ತುವಾಗ, "ನಮ್ಮನೆಗೆ ಬಾ ಅಕ್ಕ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳು ಯಾರೋ ನೆಂಟರಿಗೆ, "ತಮ್ಮನ ಮನೇಲಿ ಕೂತು ತಿನ್ನೋಳಲ್ಲ ನಾನು" ಎನ್ನುವುದು ಕೇಳಿಸಿತು. ಮಾತು ನುಂಗಿಕೊಂಡೆ. ಪ್ರಾಯದ ಹನ್ನೆರಡು ವರ್ಷವನ್ನು ಆಗಲೇ ನನಗೆ ಕೊಟ್ಟವಳು. ಮತ್ತೆ ಬಂದು ನನ್ನ ಜೊತೆ ಇರು ಎಂದು ಕೇಳಲು ನನಗೆ ಯಾವ ಮುಖ?

ಅದಕ್ಕೇ ಮೀನಿನ ನೆಪ ಹಿಡಿದೆ. ಜನವರಿಯಲ್ಲಿ ಫೋನ್ ಮಾಡಿ, ಮೈಸೂರಿಗೆ ಅಷ್ಟು ದೊಡ್ಡ ಮೀನು ಹೇಗೆ ಸಾಗಿಸುತ್ತೀ, ನಮ್ಮ ಹಿತ್ತಲಲ್ಲೇ ಕೊಳ ಮಾಡುತ್ತೇನೆ ಎಂದೆ.

"ಮೀನಿನ ವಿಷಯ ನಿಂಗೆ ಎಂತ ಗೊತ್ತು ಮಾರಾಯ?"

"ಎಂತದೂ ಗೊತ್ತಿಲ್ಲ. ನೀನೇ ಬಂದು ನೋಡ್ಕೋಬೇಕು."

"ಮೊದ್ಲು ಮೀನು ಅಲ್ಲಿ ಬದುಕಲಿ. ಬದುಕಿದ್ರೆ ನಾನೂ ಬರ್ತೀನಿ, ನೋಡ್ಕೊಳ್ಳೋಕೆ. ಇಲ್ದಿದ್ರೆ ಮೈಸೂರೇ ಸೈ" ಎಂದಳು.

ಆ ವಾರವೇ ಅಂಚೆಯಲ್ಲಿ ನಾಲ್ಕು ಹಾಳೆಯ ಕಾಗದ ಬಂತು. ಕೊಳ ನಾಲ್ಕಡಿ ಆಳ ಇರಬೇಕು. ಮೂಲೆಗಳು ಇರಬಾರದು, ನೀರು ಮೂಲೆಯಲ್ಲಿ ಸತ್ತು ನಿಲ್ಲುತ್ತದೆ. ಎಲೆ ಉದುರುವ ಮರದ ಕೆಳಗೆ ಬೇಡ, ಆದರೆ ಮಧ್ಯಾಹ್ನದ ಬಿಸಿಲೂ ಪೂರ್ತಿ ಬೀಳಬಾರದು. ತಳದ ಕೊಳೆ ಹೋಗಲು ಒಂದು ತೂಬು, ನೀರು ಸೋಸಲು ಪಕ್ಕದಲ್ಲಿ ಇನ್ನೊಂದು ತೊಟ್ಟಿ. ನೀರು ತುಂಬಿಸಿ ಒಂದು ತಿಂಗಳು ಹಾಗೇ ಬಿಡಬೇಕು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ "ಅವಸರ ಬೇಡ" ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಓದುವಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು.

ಕಾಫಿ ಹಣ್ಣಿನ ಕೊಯ್ಲು ಮುಗಿದ ಮರುದಿನವೇ ಕಣದ ಆಚೆ ಅಗೆಯಲು ಶುರುಮಾಡಿದೆವು. ದಾಸಯ್ಯ ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ಇರುವವನು, ಕೈಗೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಅವನ ಹೆಂಡತಿ ಅಣ್ಣಮ್ಮ ಮಣ್ಣಿನ ಬುಟ್ಟಿ ಎತ್ತಿಕೊಂಡು, "ಅಯ್ಯನೋರ ಮನೇಲಿ ಮೀನು! ಸಾರಿಗೆ ಹುಳಿ ನಾವು ತರ್ಬೇಕಾ?" ಎಂದು ಕೀಟಲೆ ಮಾಡಿದಳು. ಈರುಳ್ಳಿಗೂ ಹಬ್ಬದ ದಿನ ಒಳಗೆ ಜಾಗವಿಲ್ಲದ ಮನೆ ನಮ್ಮದು. ಪ್ರೇರಣಾ ಕಿವಿ ಮುಚ್ಚಿಕೊಂಡು ಒಳಗೆ ಹೋದಳು.

ಎರಡೂವರೆ ಅಡಿಗೆ ಬಂಡೆ ಸಿಕ್ಕಿತು. ಇಷ್ಟೇ ಸಾಕು ಎಂದೆ. ದಾಸಯ್ಯ ಕಾಗದದಲ್ಲಿ ಎಷ್ಟು ಬರೆದಿದ್ದಾರೆ ಎಂದು ಕೇಳಿ, ಮತ್ತೆ ಹಾರೆ ಎತ್ತಿದ. ಸಿಮೆಂಟ್ ಗಿಲಾವು ಮುಗಿದ ಮೇಲೆ ಬಾಳೆ ದಿಂಡು ಕೊಚ್ಚಿ ಕೊಳದ ತುಂಬ ಹಾಕಿ ನೀರು ಬಿಟ್ಟ. ಸಿಮೆಂಟಿನ ಸುಣ್ಣದ ಖಾರವನ್ನು ದಿಂಡು ಎಳೆದುಕೊಳ್ಳುತ್ತದಂತೆ. ವಾರಕ್ಕೊಮ್ಮೆ ಆ ಕಪ್ಪು ನೀರು ಚೆಲ್ಲಿ ಹೊಸ ದಿಂಡು ಹಾಕುವುದು. ಹಿತ್ತಲೆಲ್ಲ ಕೊಳೆತ ವಾಸನೆ. ನಾನು ದಿನಕ್ಕೆ ಹತ್ತು ಸಲ ಹೋಗಿ ಕೈ ಅದ್ದಿ ಮೂಸುತ್ತಿದ್ದೆ. ಎರಡು ಸಲ ಸಾಕಲ್ಲವಾ ಎಂದರೆ ದಾಸಯ್ಯ, "ಸಿಮೆಂಟಿಗೆ ನಿಮ್ಮ ಅವಸರ ಗೊತ್ತಾಗಲ್ಲ ಅಯ್ಯಾ" ಎಂದು ಮೂರನೆಯದಕ್ಕೆ ಬಾಳೆ ಕಡಿಯಲು ಹೋದ.

ಏಪ್ರಿಲ್‌ನಲ್ಲಿ ಬಾವಿಯ ನೀರು ತುಂಬಿಸಿದೆವು. ಸೋಸುವ ತೊಟ್ಟಿಗೆ ಹೊಳೆಯ ಗುಂಡುಕಲ್ಲು, ನರ್ಸರಿಯ ಹಳೇ ನೆರಳು ಬಲೆ. ಪಂಪು ನೀರೆತ್ತಿ ಒಂದು ಚಪ್ಪಡಿಯ ಮೇಲಿಂದ ವಾಪಸ್ಸು ಕೊಳಕ್ಕೆ ಬೀಳಿಸುತ್ತಿತ್ತು. ತಿಂಗಳು ಮುಗಿಯುತ್ತಲೇ ಅಕ್ಕ ಎರಡು ಮೀನು ಕೊಟ್ಟು ಕಳಿಸಿದಳು. ಹದಿನೈದು ದಿನ ಅವು ಚೆನ್ನಾಗಿ ಓಡಾಡಿದವು. ಉಳಿದ ಐದನ್ನೂ ನೀರೂ ಗಾಳಿಯೂ ತುಂಬಿದ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಜೀಪಿನಲ್ಲಿ ತಂದೆ. ದಾರಿಯುದ್ದಕ್ಕೂ ಇಪ್ಪತ್ತರ ಮೇಲೆ ಓಡಿಸಲಿಲ್ಲ. ಜೀವಮಾನದಲ್ಲಿ ನಾನು ಅಷ್ಟು ನಿಧಾನಕ್ಕೆ ಹೋದದ್ದು ಅದೊಂದೇ ಸಲ.

ಆಮೇಲೆ ನೀರು ಹಸಿರಾಯಿತು. ದಿನೇ ದಿನೇ ಗಟ್ಟಿ ಹಸಿರು. ಮೀನು ತಿನ್ನಲು ಮೇಲೆ ಬಂದರಷ್ಟೇ ಕಾಣಿಸುತ್ತಿತ್ತು. ಫೋನಿನಲ್ಲಿ ಹೇಳಿದರೆ ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. "ಹೊಸ ಕೊಳ ಹಾಗೇ. ಸ್ವಲ್ಪ ನೆರಳು ಮಾಡು. ತಿಂಡಿ ಕಮ್ಮಿ ಹಾಕು. ತಾನಾಗೇ ತಿಳಿಯಾಗ್ತದೆ. ಶುಕ್ರವಾರ ಬಂದು ನೋಡ್ತೀನಿ. ಎಲ್ಲ ಸರಿ ಇದ್ರೆ ಸಾಮಾನು ಕಟ್ತೀನಿ" ಎಂದಳು.

ಎಲ್ಲ ಸರಿ ಇದ್ದರೆ! ಆ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ಹಸಿರು ಗೊಜ್ಜಿನಂಥ ನೀರು ನೋಡಿ, ಇದು ಆಗುವ ಕೆಲಸವಲ್ಲ ಎಂದು ಅವಳು ಮೈಸೂರಿಗೆ ಹೊರಟರೆ? ಗುರುವಾರ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅಂದು ತೋಟದಲ್ಲಿ ಮಳೆಗಾಲದ ಮುಂಚಿನ ಔಷಧಿ ಹೊಡೆಯುವ ಕೆಲಸ. ದಾಸಯ್ಯ ಡ್ರಮ್ಮಿನಲ್ಲಿ ಮೈಲುತುತ್ತದ ನೀಲಿ ಹರಳು ಕರಗಿಸಿ, ಸುಣ್ಣದ ತಿಳಿ ಸೇರಿಸಿ ಕಲಸುತ್ತಿದ್ದ. ನಮ್ಮ ಕಡೆ ಕಾಫಿ ಎಲೆ ಕೊಳೆತರೂ ಅದೇ, ಅಡಿಕೆ ಕೊನೆ ಉದುರಿದರೂ ಅದೇ, ಮೆಟ್ಟಿಲಿಗೆ ಪಾಚಿ ಕಟ್ಟಿದರೂ ಅದೇ. ಪಾಚಿ ಎಂದಕೂಡಲೇ ನನ್ನ ತಲೆಯಲ್ಲಿ ದೀಪ ಹತ್ತಿತು.

ದಾಸಯ್ಯನ ಕತ್ತಿ ತೆಗೆದುಕೊಂಡು ಡ್ರಮ್ಮಿಗೆ ಅದ್ದಿದೆ. ಇದು ನಮ್ಮ ಅಪ್ಪನ ಕಾಲದಿಂದ ಬಂದ ಪರೀಕ್ಷೆ. ಅಲಗು ಕೆಂಪಾದರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಕೆಂಪಾಗದಿದ್ದರೆ ಮದ್ದು ಹದವಾಗಿದೆ. ಅಲಗು ಬೆಳ್ಳಗೆ ಹೊಳೆಯುತ್ತಿತ್ತು. ಎರಡು ಕೊಡ ತುಂಬಿಸಿಕೊಂಡೆ.

"ಅಯ್ಯಾ, ಮೀನಿಗೆ ಆಗ್ತದಾ ಅದು? ಹಳ್ಳಕ್ಕೆ ಬಿದ್ರೆ ಮೀನು ಮೇಲೆ ಬರ್ತವೆ" ಎಂದ ದಾಸಯ್ಯ.

"ಅದು ಬರೀ ತುತ್ತ ಬಿದ್ರೆ. ಇದು ಎಳೇ ಚಿಗುರಿಗೇ ಸುಡಲ್ಲ, ಮೀನಿಗೆ ಸುಡ್ತದಾ?"

ಅವನು ಮತ್ತೆ ಡ್ರಮ್ಮು ಕಲಸಲು ಬಗ್ಗಿದ. ಧಣಿ ಅಂದಮೇಲೆ ಮುಗಿಯಿತಲ್ಲ. ಎರಡೂ ಕೊಡವನ್ನು ನಾನೇ ಕೊಳದ ಸುತ್ತ ಸುರಿದೆ. ಸಂಜೆಯ ಹೊತ್ತಿಗೆ ಹಸಿರು ಒಡೆದು ತಳಕ್ಕೆ ಇಳಿಯಲು ಶುರುವಾಗಿತ್ತು. ಎಂಥ ಖುಷಿ ನನಗೆ! ಪ್ರೇರಣಾಳನ್ನು ಕರೆದು ತೋರಿಸಿದೆ.

ಶುಕ್ರವಾರ ಬೆಳಗಾಗುತ್ತಲೇ ಹೋಗಿ ನೋಡಿದರೆ ನೀರು ತಿಳಿಯಾಗಿತ್ತು, ತಳದ ಸಿಮೆಂಟು ಕಾಣುತ್ತಿತ್ತು. ಮೂರು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾಲ್ಕು ಚಪ್ಪಡಿಯ ಕೆಳಗೆ ನೀರು ಬೀಳುವಲ್ಲಿ ಗುಂಪುಗೂಡಿ ಬಾಯಿ ಬಿಡುತ್ತಿದ್ದವು. ಮೈಮೇಲೆಲ್ಲ ಬಿಳಿ ಲೋಳೆ. ಎಲೆಗೆ ಹದವಾದ ಮದ್ದು ಮೀನಿಗೆ ವಿಷವಾಗಿತ್ತು. ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಆಗಲೇ ಬಸ್ಸು ಹತ್ತಿದ್ದಳು. ದಾಸಯ್ಯನೂ ನಾನೂ ತೂಬು ಕಿತ್ತು ನೀರು ಬಿಟ್ಟೆವು, ಬಾವಿಯಿಂದ ಹೊಸ ನೀರು ಹೊಯ್ದೆವು. ಹತ್ತು ಗಂಟೆಗೆ ಇನ್ನೆರಡು ಹೋದವು. ಆಮೇಲೆ ಇನ್ನೊಂದು.

ಪ್ರೇರಣಾ ಹತ್ತಿರ ಬಂದು ಮೆಲ್ಲಗೆ, "ಕರೆಂಟು ಹೋಗಿ ಪಂಪು ನಿಂತಿತ್ತು ಅನ್ನಿ. ಅತ್ತಿಗೆ ನಂಬ್ತಾರೆ" ಎಂದಳು. ನಂಬುವಂಥದ್ದೇ, ನಮ್ಮಲ್ಲಿ ಕರೆಂಟು ದಿನಾ ಹೋಗುತ್ತದೆ. ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ನಾನು ಗೋಣಿಬೀಡಿನ ಬಸ್‌ಸ್ಟ್ಯಾಂಡಿಗೆ ಜೀಪು ತೆಗೆದುಕೊಂಡು ಹೋದೆ. ಅಕ್ಕ ಇಳಿದು ನನ್ನ ಮುಖ ನೋಡಿದಳು. "ಎಷ್ಟು ಉಳಿದಿದೆ?" ಎಂದು ಮಾತ್ರ ಕೇಳಿದಳು.

"ಒಂದು."

ಮನೆಗೆ ಬಂದವಳೇ ಚೀಲವನ್ನು ಕಟ್ಟೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಡೆಮಟ್ಟದ ನೀರಿಗೆ ಇಳಿದಳು. ಉಳಿದದ್ದು ಬಿಳಿ ಮೈಯ, ನೆತ್ತಿಯ ಮೇಲೆ ಕೆಂಪಿದ್ದ ಹಿರೀ ಮೀನು. ಅದನ್ನು ಎರಡೂ ಕೈಯಲ್ಲಿ ಆನಿಸಿ ಹಿಡಿದು, ಬೀಳುವ ನೀರಿಗೆ ಬಾಯಿ ಮಾಡಿಸಿ ನಿಂತಳು. ಊಟಕ್ಕೆ ಕರೆದರೆ ಬರಲಿಲ್ಲ. ನಾನು ಹೊಸ ನೀರು ಹೊಯ್ಯುತ್ತಲೇ ಇದ್ದೆ. ಸುಳ್ಳು ಹೇಳಲು ಆಗಲೇ ಇಲ್ಲ. ಮೈಲುತುತ್ತ, ಸುಣ್ಣ, ಕತ್ತಿಯ ಅಲಗು, ಎರಡು ಕೊಡ, ಎಲ್ಲವನ್ನೂ ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಎರಡೂವರೆಗೆ ಮೀನಿನ ಕಿವಿರು ಆಡುವುದು ನಿಂತಿತು. ಆಮೇಲೂ ಸುಮಾರು ಹೊತ್ತು ಹಿಡಿದುಕೊಂಡೇ ಇದ್ದಳು.

"ಅವರು ದಿನಾ ಬೆಳಿಗ್ಗೆ ನನಗಿಂತ ಮೊದ್ಲು ಇದನ್ನ ಮಾತಾಡಿಸ್ತಿದ್ರು" ಎಂದಳು. ಅಳುತ್ತಿದ್ದಳು. ಭಾವ ಹೋದಾಗ ಕೂಡ ನನ್ನ ಎದುರು ಅತ್ತವಳಲ್ಲ.

ಏಳನ್ನೂ ಕಿತ್ತಳೆ ಗಿಡದ ಬುಡದಲ್ಲಿ ಹೂತು ದಾಸಯ್ಯ ಹೋದ. ಅಕ್ಕ ಸೀರೆ ಬದಲಿಸಿ, ಒಂದು ಲೋಟ ಕಾಫಿ ಕುಡಿದು, "ನಾಲ್ಕೂವರೆ ಬಸ್ಸಿಗೆ ಬಿಡು" ಎಂದಳು. ಪ್ರೇರಣಾ ಉಳಿಯಿರಿ ಎಂದಳು. ಅಕ್ಕ, "ಇನ್ನೆಂತಕ್ಕಮ್ಮ" ಎಂದು ಚೀಲ ಎತ್ತಿಕೊಂಡಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಕ್ಕಪಕ್ಕ ಕೂತೆವು. ನನ್ನ ಕಾಲು ಸುಮ್ಮನೆ ಕುಣಿಯುತ್ತಿತ್ತು. ಮೊಣಕಾಲಿನ ಮೇಲೆ ಅವಳು ಕೈಯಿಟ್ಟು ನಿಲ್ಲಿಸಿದಳು, ನಾನು ಸಣ್ಣವನಿದ್ದಾಗ ಮಾಡುತ್ತಿದ್ದ ಹಾಗೇ. ಆಚೆ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಇನ್ನು ಮೀನೂ ಇಲ್ಲ, ಕೊಳದ ನೆಪವೂ ಇಲ್ಲ. ಬಸ್ಸು ಬಂದರೆ ಅವಳೂ ಇಲ್ಲ.

"ಅಕ್ಕ, ಮೈಸೂರಿಗೆ ಹೋಗ್ಬೇಡ" ಎಂದೆ. "ಮೀನಿಗೋಸ್ಕರ ಅಲ್ಲ. ನಂಗೆ ನೀನು ಬೇಕು. ನಮ್ಮನೇಲಿ ಇರು."

ಅವಳು ನನ್ನನ್ನೇ ನೋಡಿದಳು. ಸಿಟ್ಟಿತ್ತು, ಕಣ್ಣಲ್ಲಿ ನೀರೂ ಇತ್ತು.

"ಎಲ್ಲದಕ್ಕೂ ಅವಸರ ಮಾಡ್ತಿ. ಇದೊಂದು ಮಾತಿಗೆ ಯಾಕೋ ಇಷ್ಟು ತಡ ಮಾಡಿದೆ? ಹದಿಮೂರನೇ ದಿನದಿಂದ ಕಾಯ್ತಾ ಇದ್ದೀನಿ ನಾನು. ತಮ್ಮನ ಮನೇಲಿ ಕೂತು ತಿನ್ನಲ್ಲ ಅಂತ ನಿಂಗೆ ಕೇಳ್ಲಿ ಅಂತಲೇ ಗಟ್ಟಿಯಾಗಿ ಅಂದೆ. ಜಗಳಕ್ಕಾದ್ರೂ ಬರ್ತೀಯ ಅಂತ. ನೀನು ಹಾರೆ ಹುಡುಕ್ಕೊಂಡು ಹೋದೆ."

ಬಸ್ಸು ಬಂದು ನಿಂತಿತು. ಅವಳು ಎದ್ದು ಹತ್ತಿ, ಕಿಟಕಿಯ ಪಕ್ಕ ಕೂತು ತಲೆ ಹೊರಗೆ ಹಾಕಿದಳು.

"ಸೋಮವಾರ ಬಾ. ಪಾತ್ರೆ ಕಟ್ಟೋಕೆ ಎರಡು ದಿನ ಬೇಕು ನಂಗೆ" ಎಂದಳು.

ನಾನು ಶನಿವಾರ ಬೆಳಿಗ್ಗೆ ಏಳಕ್ಕೇ ಅವಳ ಬಾಗಿಲು ತಟ್ಟಿದೆ.