ಮೆಣಸು ಬಳ್ಳಿಯ ಸೆಕ್ಷನ್

ಫೇಲಾದರೆ ಇನ್ನೊಮ್ಮೆ ಪರೀಕ್ಷೆ ಇಲ್ಲ, ಕುಂಬ್ರದ ತಮ್ಮ ಮೆಣಸಿನ ಅಂಗಡಿಯಲ್ಲಿ ಕೂರಬೇಕು ಎಂದು ಪೋಕರ್ ಬ್ಯಾರಿ ಮಗನಿಗೆ ಮೊದಲೇ ಹೇಳಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಕರಿಮೆಣಸು ಯಾವುದು, ಕಲ್ಲು ಯಾವುದು ಎಂದು ಕಾಣುತ್ತಿರಲಿಲ್ಲ. ಮಗ ಹೈದರನಿಗೆ ಡಾಕ್ಟರಾಗಬೇಕಿತ್ತು.

೧೯೬೩ರ ಏಪ್ರಿಲಿನಲ್ಲಿ ಪಿ.ಯು.ಸಿ. ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಹೈದರನ ಮೇಜಿಗೆ ಬಂದದ್ದು ಫಾರ್ಮಾಲಿನ್ನಿನಲ್ಲಿ ಅದ್ದಿಟ್ಟಿದ್ದ ಬೆರಳುದ್ದದ ಕಾಂಡ. ಎಲೆಯಿಲ್ಲ, ಅದರದೇ ವಾಸನೆಯೂ ಉಳಿದಿಲ್ಲ. ಆದರೂ ಗಂಟು ಮುಟ್ಟಿದೊಡನೆ ಮೆಣಸು ಬಳ್ಳಿ ಎಂದು ತಿಳಿಯಿತು. ಧೈರ್ಯ ಬಂತು. ರೇಜರಿನಿಂದ ತೆಳ್ಳಗೆ ಅಡ್ಡ ಕೊಯ್ದು ಸೆಕ್ಷನ್ ತೆಗೆದು, ಕೆಂಪು ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಗಿಡ ಏಕದಳವೋ ದ್ವಿದಳವೋ ಎಂದು ಬರೆಯಬೇಕಿತ್ತು.

ನೀರು ಸಾಗಿಸುವ ನಾಳಗಳ ಗೊಂಚಲು ಉಂಗುರದಂತೆ ನಿಂತಿದ್ದರೆ ದ್ವಿದಳ, ಒಳಗೆಲ್ಲ ಚದುರಿದ್ದರೆ ಏಕದಳ. ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಇಲ್ಲಿ ಅಂಚಿಗೊಂದು ಉಂಗುರವಿತ್ತು, ನಡುವೆಯೂ ಗೊಂಚಲುಗಳಿದ್ದವು. ಮೆಣಸಿನ ಬೀಜ ಮೊಳೆತಾಗ ಎಷ್ಟು ದಳ ಎಂದು ನೆನಪಿಸಿಕೊಳ್ಳಲು ನೋಡಿದ. ಅವನು ಕಂಡ ತೋಟಗಳಲ್ಲೆಲ್ಲ ಬಳ್ಳಿ ತುಂಡು ಮಾಡಿ ನೆಡುತ್ತಿದ್ದರು. ಬೀಜ ಬಿತ್ತಿದವರೇ ಇರಲಿಲ್ಲ. ಕೊನೆಗೆ ನಡುವಿನ ಗೊಂಚಲುಗಳನ್ನು ನಂಬಿ ಏಕದಳ ಎಂದು ಬರೆದ.

ಪರೀಕ್ಷಕ ಚೆನ್ನಕೇಶವ ರಾಯರು ಉತ್ತರ ನೋಡಿದರು.

"ಇದು ಎಂತ ಗಿಡ?"

"ಮೆಣಸು ಸಾರ್."

"ಮೆಣಸಿಗೆ ಒಂದೇ ದಳವಾ? ನೋಡಿದ್ದೀಯಾ?"

"ಇಲ್ಲ ಸಾರ್. ನಮ್ಮಲ್ಲಿ ಬೀಜ ಹಾಕುದಿಲ್ಲ, ಬಳ್ಳಿ ನೆಡುದು."

"ತಂದೆಗೆ ಎಂತ ಕೆಲಸ?"

"ಮೆಣಸಿನ ವ್ಯಾಪಾರ."

ರಾಯರು ಜೋರಾಗಿ ನಕ್ಕರು. "ಹಾಗಾದ್ರೆ ಮಾರ್ಲಿಕ್ಕೆ ಮಾತ್ರ ಗೊತ್ತುಂಟು. ಎರಡು ದಳ ಮಾರಾಯ."

ಪಕ್ಕದ ಮೇಜಿನವರೂ ನಕ್ಕರು. ಫಲಿತಾಂಶ ಬಂದಾಗ ಪ್ರಾಯೋಗಿಕದಲ್ಲಿ ಪಾಸಾಗಲು ಮೂರು ಅಂಕ ಕಡಿಮೆ.

"ಸೆಪ್ಟೆಂಬರಿಗೆ ಇನ್ನೊಮ್ಮೆ ಕಟ್ತೇನೆ ಬಾಪಾ," ಎಂದ ಹೈದರ್. ನಡೆದದ್ದನ್ನೆಲ್ಲ ಹೇಳಿದ.

"ಎರಡು ದಳ ಅಂತ ನಂಗೂ ಗೊತ್ತಿರ್ಲಿಲ್ಲ," ಎಂದರು ಪೋಕರ್ ಬ್ಯಾರಿ. ಆಮೇಲೆ, "ನಾಳೆ ಬೇಗ ಏಳು. ಮೆಣಸು ತರ್ಲಿಕ್ಕೆ ಸುಳ್ಯಕ್ಕೆ ಹೋಗ್ಲಿಕ್ಕುಂಟು."

ತಾಯಿ ಆಯಿಶಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅನ್ನ ಬಡಿಸಲು ಒಳಗೆ ಹೋದಳು.

ಮುಂದಿನ ಜನವರಿಯಲ್ಲಿ ಮೆಣಸು ಬೆಳೆಯುವ ಗೌರೀಶಂಕರ ಭಟ್ಟರು ಕೊಯ್ಲಿನ ಮೊದಲ ಚೀಲ ತಂದು ಹೈದರ್ ಕೂತಿದ್ದ ಅಂಗಡಿಯ ಮುಂದೆ ಇಳಿಸಿದರು.

"ಎಂತ ಡಾಕ್ಟ್ರೆ, ನಾಡಿ ನೋಡಿ ಹೇಳಿ. ಒಣಗಿದೆಯಾ?"

ಅಂಗಡಿಯಲ್ಲಿದ್ದವರು ನಕ್ಕರು. ಹೈದರ್ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆದ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದ.

"ಇನ್ನು ಎರಡು ಬಿಸಿಲು ಬೇಕು ಭಟ್ರೆ."

ಭಟ್ಟರೂ ಒಂದು ಕಾಳು ಕಚ್ಚಿದರು. ಅವನು ಹೇಳಿದ್ದು ಸರಿಯಾಗಿತ್ತು. ಅವರು ಚೀಲವನ್ನು ಮತ್ತೆ ಗಾಡಿಗೆ ಏರಿಸಿದರು.